ಒಡೆಯನ ಮನೆಯೊಳಗಿನ ದುಡಿಮೆ ಸುಖದ್ದಾಗಿರಲಿಲ್ಲ

ಅಮೆರಿಕದ ಇತಿಹಾಸದ ಉತ್ತರ ಪತ್ರಿಕೆ ತಿದ್ದಲು ಕೂತರೆ ಒಂದು ವಾಕ್ಯ ತಪ್ಪದೆ ಎದುರಾಗುತ್ತದೆ: ‘ಹೊಲದ ಗುಲಾಮರಿಗಿಂತ ಮನೆಗೆಲಸದ ಗುಲಾಮರ ಸ್ಥಿತಿ ಉತ್ತಮವಾಗಿತ್ತು.’ ಗೈಡುಗಳಲ್ಲಿ ಹಾಗಿದೆ, ಮಕ್ಕಳು ಹಾಗೇ ಬರೆಯುತ್ತಾರೆ. ಅವರನ್ನು ಬೈಯಲು ಮನಸ್ಸು ಬಾರದು. ಆದರೂ ಪ್ರತಿ ವರ್ಷ ಅದೇ ಸಾಲಿಗೆ ಕೆಂಪು ಗೀಟು ಎಳೆದು ಸಾಕಾಗಿದೆ.

ಮನೆಯೊಳಗಿದ್ದವರಿಗೆ ಕೆಲವೆಡೆ ಊಟ, ಬಟ್ಟೆ ಒಂದಿಷ್ಟು ವಾಸಿ ಇತ್ತು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹೊಲದಲ್ಲಿ ದುಡಿದವಳು ಕತ್ತಲಾದ ಮೇಲೆ ತನ್ನವರಿದ್ದ ಗುಡಿಸಲಿಗೆ ಮರಳುತ್ತಿದ್ದಳು. ಒಡೆಯನ ಮನೆಯೊಳಗಿದ್ದವಳಿಗೆ ಕೆಲಸ ಮುಗಿಯುವ ಹೊತ್ತೆಂಬುದೇ ಇರಲಿಲ್ಲ. ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ಅವಳು ರಾತ್ರಿ ಎಲ್ಲಿ ಮಲಗ್ತಿದ್ಳು?” ಆ ಹುಡುಗಿಯ ತಾಯಿ ಬೆಂಗಳೂರಿನಲ್ಲಿ ನಾಲ್ಕಾರು ಮನೆಗಳ ಕೆಲಸ ಮಾಡಿ ಮಗಳನ್ನು ಓದಿಸುತ್ತಿದ್ದರು. ಯಾವ ಗೈಡಿಗೂ ಹೊಳೆಯದ ಪ್ರಶ್ನೆ ಅವಳಿಗೆ ಹೊಳೆದಿತ್ತು. ಎಷ್ಟೋ ಮನೆಗಳಲ್ಲಿ ಆಕೆ ಮಲಗುತ್ತಿದ್ದುದು ಯಜಮಾನಿಯ ಕೋಣೆಯ ನೆಲದ ಮೇಲೆ, ಇಲ್ಲವೇ ಬಾಗಿಲಾಚೆ. ನಡುರಾತ್ರಿ ಮಗು ಅತ್ತರೂ ಒಂದೇ ಕೂಗಿಗೆ ಏಳಬೇಕಿತ್ತು. ಒಡೆಯನ ಕೈಗೆ ಸುಲಭವಾಗಿ ಸಿಗುತ್ತಿದ್ದವಳೂ ಅವಳೇ.

ಇಲ್ಲಿ ಕಾನೂನನ್ನು ನೋಡಲೇಬೇಕು. ಇಂಗ್ಲಿಷರ ವಾಡಿಕೆಯಲ್ಲಿ ಮಗುವಿಗೆ ತಂದೆಯ ಸ್ಥಾನಮಾನ ಬರುತ್ತಿತ್ತು. 1662ರಲ್ಲಿ ಅವರದೇ ವಸಾಹತಾಗಿದ್ದ ವರ್ಜೀನಿಯಾ ಇದನ್ನು ತಿರುಗಿಸಿ, ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ಬರೆಯಿತು. ತಂದೆ ಬಿಳಿಯ ಒಡೆಯನೇ ಆದರೂ ಅಷ್ಟೇ. ಅಂದರೆ ಅವನು ಎಸಗಿದ ಅತ್ಯಾಚಾರ ಅವನ ಆಸ್ತಿಯನ್ನೇ ಹೆಚ್ಚಿಸುತ್ತಿತ್ತು. 1808ರಿಂದ ಹೊರಗಿನಿಂದ ಗುಲಾಮರನ್ನು ತರುವುದಕ್ಕೆ ನಿಷೇಧ ಬಂತು. ಹಾಗಿದ್ದೂ 1810ರಲ್ಲಿ ಸುಮಾರು 12 ಲಕ್ಷವಿದ್ದ ಗುಲಾಮರ ಸಂಖ್ಯೆ 1860ಕ್ಕೆ 40 ಲಕ್ಷದ ಹತ್ತಿರ ಬಂತು. ಹೆಚ್ಚಿನಂಶ ಆ ತಾಯಂದಿರು ಹೆತ್ತ ಮಕ್ಕಳಿಂದ. ಉತ್ತರದಲ್ಲಿ ಕರಿಯ-ಬಿಳಿಯ ಭೇದಕ್ಕೊಂದು ಶೀರ್ಷಿಕೆ, ಹೆಣ್ಣು-ಗಂಡು ಭೇದಕ್ಕೆ ಇನ್ನೊಂದು ಎಂದು ಬೇರೆಬೇರೆ ಬರೆಯುವವರಿಗೆ ನಾನು ಮೊದಲು ತೋರಿಸುವುದು ಈ ಕಾನೂನನ್ನೇ.

ಆಮೇಲೆ ಸೀಲಿಯಾಳ ಮೊಕದ್ದಮೆ. ಮಿಸೌರಿಯ ಕ್ಯಾಲವೇ ಕೌಂಟಿಯ ರೈತ ರಾಬರ್ಟ್ ನ್ಯೂಸಮ್ 1850ರಲ್ಲಿ ಸುಮಾರು 14 ವರ್ಷದ ಅವಳನ್ನು ಅಡುಗೆ ಕೆಲಸಕ್ಕೆಂದು ಕೊಂಡ. ಐದು ವರ್ಷ ಅತ್ಯಾಚಾರ ಮಾಡಿದ. 1855ರ ಜೂನ್‌ನಲ್ಲಿ ಅವಳು ಅವನನ್ನು ಕೊಂದಳು. ಮಾನರಕ್ಷಣೆಗಾಗಿ ‘ಯಾವುದೇ ಹೆಣ್ಣು’ ಎದುರಿಸಿ ನಿಂತರೆ ಮಿಸೌರಿಯ ಕಾನೂನು ಅವಳ ಪರವಾಗಿತ್ತು. ಅವಳ ವಕೀಲರು ಅದನ್ನೇ ಮುಂದಿಟ್ಟರು. ಅದನ್ನು ಪರಿಗಣಿಸುವಂತೆ ಜ್ಯೂರಿಗೆ, ಅಂದರೆ ತೀರ್ಪು ಹೇಳುವ ನಾಗರಿಕರ ಮಂಡಳಿಗೆ, ಹೇಳಲು ನ್ಯಾಯಾಧೀಶ ಒಪ್ಪಲಿಲ್ಲ. ಗುಲಾಮಳಿಗೆ ಆ ರಕ್ಷಣೆ ಸಿಗಲಿಲ್ಲ. ಡಿಸೆಂಬರ್ 21ರಂದು ಗಲ್ಲಿಗೇರಿಸಿದರು. ನ್ಯೂಸಮ್ ಮಹಾ ತೋಟದ ಧಣಿಯಲ್ಲ ಎಂಬುದನ್ನೂ ಗಮನಿಸಬೇಕು. ಅವನ ಬಳಿ ಇದ್ದವರು ಬೆರಳೆಣಿಕೆಯಷ್ಟು ಜನ. 1860ರಲ್ಲಿ ಸುಮಾರು ಅರ್ಧದಷ್ಟು ಒಡೆಯರ ಬಳಿ ಐದಕ್ಕಿಂತ ಕಡಿಮೆ ಗುಲಾಮರಿದ್ದರು. ಅಂಥ ಮನೆಗಳಲ್ಲಿ ಕಷ್ಟಕ್ಕೆ ಒದಗಲು ನೂರು ಜನರ ಕೇರಿ ಇರುತ್ತಿರಲಿಲ್ಲ.

ಹಾಗಾದರೆ ಹೊಲವೇ ವಾಸಿಯೇ ಎಂದು ಕೂಡಲೇ ಕೇಳುತ್ತಾರೆ. ಯಾವ ಹೊಲ ಎಂದು ಹೇಳದೆ ಉತ್ತರ ಕೊಡಲಾರೆ. ದಕ್ಷಿಣ ಕೆರೊಲೈನಾ, ಜಾರ್ಜಿಯಾ ಕರಾವಳಿಯ ಭತ್ತದ ಗದ್ದೆಗಳಲ್ಲಿ ದಿನಕ್ಕಿಷ್ಟು ಎಂದು ಕೆಲಸ ಗೊತ್ತುಮಾಡುತ್ತಿದ್ದರು, ಬಹಳ ಕಡೆ ಕಾಲು ಎಕರೆ. ಅದು ಮುಗಿದರೆ ಉಳಿದ ಹೊತ್ತಿನಲ್ಲಿ ತಮ್ಮ ಕೈತೋಟ, ಕೋಳಿ ನೋಡಿಕೊಳ್ಳಬಹುದಿತ್ತು. ಆದರೆ ಆ ನಿಂತ ನೀರಿನಲ್ಲಿ ಮಲೇರಿಯಾ. ಹುಟ್ಟಿದ ಕೂಸುಗಳಲ್ಲಿ ಬಹಳಷ್ಟು ಉಳಿಯುತ್ತಿರಲಿಲ್ಲ. ಹತ್ತಿಯ ಸೀಮೆಯಲ್ಲಿ ಮೇಸ್ತ್ರಿಯ ಚಾಟಿಯಡಿ ಸಾಲುಗಟ್ಟಿ ಬೆಳಗಿನಿಂದ ಕತ್ತಲಾಗುವವರೆಗೆ. ಲೂಯಿಸಿಯಾನಾದಲ್ಲಿ ಕಬ್ಬು ಅರೆಯುವ ಕಾಲಕ್ಕೆ ರಾತ್ರಿಯೂ ಬಿಡುವಿಲ್ಲ.

ಸುಖದ ಕಥೆ ಎಲ್ಲಿಂದ ಬಂತು? ನನ್ನ ಅಂದಾಜು, ಒಂದು ಪಾಲು ಸಾಕ್ಷ್ಯಗಳಿಂದಲೇ. 1936ರಿಂದ 1938ರವರೆಗೆ ಸರ್ಕಾರಿ ಯೋಜನೆಯೊಂದು ಗುಲಾಮರಾಗಿದ್ದ 2,300ಕ್ಕೂ ಹೆಚ್ಚು ವೃದ್ಧರ ಮಾತುಗಳನ್ನು ಬರೆದಿಟ್ಟಿತು. ಬಹುಪಾಲು ಜನ ಗುಲಾಮಗಿರಿಯನ್ನು ಕಂಡದ್ದು ಎಳೆಯ ವಯಸ್ಸಿನಲ್ಲಿ, ಕೇಳಿದವರು ಹೆಚ್ಚಾಗಿ ಬಿಳಿಯರು, ಹೇಳಿದವರು ಕಡುಬಡವರು. ಚಾರ್ಲ್ಸ್‌ಟನ್‌ನ ಸೂಸನ್ ಹ್ಯಾಮ್ಲಿನ್ ಅವರಲ್ಲೊಬ್ಬರು, ಒಡೆಯನ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಿದ್ದವರು. ಸಂದರ್ಶನಕ್ಕೆ ಬಿಳಿಯ ಮಹಿಳೆ ಬಂದಾಗ, ಸಹಾಯಧನದ ಕಚೇರಿಯವರೆಂದು ಭಾವಿಸಿ ಒಡೆಯನನ್ನು ಹೊಗಳಿದರು. ಕಪ್ಪು ಸಂದರ್ಶಕ ಕೂತು ಕೇಳಿದಾಗ ಹೊರಬಂದದ್ದು ಛಡಿಯೇಟುಗಳು, ಮಕ್ಕಳನ್ನು ಮಾರಿದಾಗ ತಾಯಂದಿರು ಗೋಳಿಟ್ಟದ್ದು, ರಾತ್ರಿ ಮದುವೆಯಾದವಳನ್ನು ಬೆಳಿಗ್ಗೆ ಮಾರಿದ್ದು. ಎರಡು ದಾಖಲೆಗಳನ್ನೂ ಈಗ ತರಗತಿಯಲ್ಲಿ ಒಟ್ಟಿಗೇ ಓದಿಸುತ್ತೇನೆ. ಅಷ್ಟಾದ ಮೇಲೂ ಗೈಡಿನ ಸಾಲನ್ನೇ ಬರೆದವರಿಗೆ ಆ ಪ್ರಶ್ನೆಯ ಅಂಕ ಕೊಡುವುದಿಲ್ಲ.