ಕಕ್ಕಸು ಎಣಿಸಿದ ಬ್ಯಾಬೇಜ್

1850ರ ಏಪ್ರಿಲ್. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಹಾವರ್ತ್ ಎಂಬ ಗುಡ್ಡದೂರಿಗೆ ಲಂಡನ್ನಿನಿಂದ ಇನ್‌ಸ್ಪೆಕ್ಟರ್ ಒಬ್ಬ ಬಂದ. ಹೆಸರು ಬೆಂಜಮಿನ್ ಬ್ಯಾಬೇಜ್. ಕಂಪ್ಯೂಟರ್ ಪಿತಾಮಹ ಅಂತ ನಾವು ಓದಿದ ಚಾರ್ಲ್ಸ್ ಬ್ಯಾಬೇಜ್‌ನ ಮಗ. ಅಪ್ಪ ಲೆಕ್ಕದ ಯಂತ್ರ ಮಾಡಲು ಹೊರಟವನು, ಮಗ ಇಲ್ಲಿ ಕಕ್ಕಸು ಎಣಿಸಿದ. ಊರಿಗೆಲ್ಲ ಸೇರಿ ಸಿಕ್ಕಿದ್ದು 69. ಒಂದಂತೂ ಎತ್ತರದ ಜಾಗದಲ್ಲಿತ್ತು. ಅಲ್ಲಿಂದ ಇಡೀ ಪೇಟೆಬೀದಿ ಕಾಣುತ್ತಿತ್ತು!

ಅವನನ್ನು ಕರೆಸಿದ್ದು ಊರ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ, ಕಾದಂಬರಿಕಾರ್ತಿ ಷಾರ್ಲೆಟ್‌ಳ ತಂದೆ. ಹತ್ತರಲ್ಲಿ ಒಂದು ಪಾಲು ತೆರಿಗೆದಾರರು ಸಹಿ ಹಾಕಿದರೆ ಸರ್ಕಾರ ತಪಾಸಣೆಗೆ ಕಳಿಸಬಹುದು ಅಂತ 1848ರ ಆರೋಗ್ಯ ಕಾಯ್ದೆ ಹೇಳಿತ್ತು.

ಬ್ಯಾಬೇಜ್ ಮನೆಮನೆ ಹೊಕ್ಕ. ಉಣ್ಣೆ ಬಾಚುವವರು ಬಾಚಣಿಗೆ ಬಿಸಿ ಮಾಡಲು ಹಗಲೂ ರಾತ್ರಿ ಒಲೆ ಉರಿಸುತ್ತಿದ್ದರು. ಕಿಟಕಿ ಮುಚ್ಚಿದ ಅದೇ ಕೋಣೆಯಲ್ಲಿ ಮಲಗುತ್ತಿದ್ದರು. ಹೊರಗೆ ತಿಪ್ಪೆ. ಒಳಚರಂಡಿಯ ಮಾತೇ ಇಲ್ಲ. ಸೋಮವಾರ ಬಟ್ಟೆ ಒಗೆಯಲು ನೀರು ಬೇಕೆಂದರೆ ಬಡವರು ನಡುರಾತ್ರಿ 2 ಗಂಟೆಗೇ ಬಾವಿಯ ಬಳಿ ಪಾಳಿ ನಿಲ್ಲಬೇಕಿತ್ತು. ಬೇಸಿಗೆಯಲ್ಲಿ ಆ ನೀರು ಹಸಿರಾಗಿ ನಾರುತ್ತಿತ್ತು, ದನಗಳೂ ಮೂಸಿ ನೋಡುತ್ತಿರಲಿಲ್ಲ.

ಆಮೇಲೆ ಸಾವಿನ ದಾಖಲೆ ತೆರೆದ. ಸತ್ತವರ ಸರಾಸರಿ ವಯಸ್ಸು 25.8! ಹಾಗಂತ ಎಲ್ಲರೂ ಇಪ್ಪತ್ತೈದಕ್ಕೇ ಸಾಯುತ್ತಿದ್ದರು ಅಂತಲ್ಲ. ಹತ್ತು ಜನರಲ್ಲಿ ನಾಲ್ವರು 2 ವರ್ಷಕ್ಕೆ, ಆರು ಮಂದಿ 42ಕ್ಕೆ ತೀರಿಕೊಂಡರೂ ಸರಾಸರಿ 26 ಬರುತ್ತದೆ. ಹಾವರ್ತ್‌ನಲ್ಲಿ ಆದದ್ದು ಹೆಚ್ಚುಕಡಿಮೆ ಹೀಗೇ. ಶೇ. 41ಕ್ಕೂ ಜಾಸ್ತಿ ಮಕ್ಕಳು 6 ವರ್ಷ ತುಂಬುವ ಮೊದಲೇ ಸತ್ತಿದ್ದರು.

ರೋಗಾಣುಗಳ ಸುದ್ದಿ ಆಗಿನ್ನೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಕೆಟ್ಟ ವಾಸನೆಯೇ ಕಾಯಿಲೆ ತರುತ್ತದೆ ಅಂತ ಆ ಕಾಲದ ನಂಬಿಕೆ. ಕಾರಣ ತಪ್ಪು, ಆದರೆ ಬ್ಯಾಬೇಜ್ ಕೇಳಿದ ಮದ್ದು ಸರಿಯಾಗಿತ್ತು: ಒಳಚರಂಡಿ ಮತ್ತು ಕೊಳಾಯಿ ನೀರು. ನನಗೆ ಇಡೀ ಕತೆಯಲ್ಲಿ ಇಷ್ಟವಾಗುವುದು ಇದೇ.

ಚರ್ಚಿನ ಸ್ಮಶಾನದಲ್ಲೂ ಅವನ ಕಣ್ಣು ಚುರುಕು. ಹತ್ತೇ ವರ್ಷದಲ್ಲಿ 1,344 ಹೆಣ ಹೂತಿದ್ದರು. ಮೇಲೆ ಚಪ್ಪಡಿಗಲ್ಲು ಹಾಸಿದ್ದರಿಂದ ಹುಲ್ಲುಕಡ್ಡಿಗೂ ಜಾಗವಿಲ್ಲ. ಗಿಡದ ಬೇರು ಇಳಿಯದ ಮಣ್ಣಿನಲ್ಲಿ ಹೆಣ ಬೇಗ ಕರಗುವುದಿಲ್ಲ ಅಂತ ಅವನು ದೂರಿದ.

ತೆರಿಗೆ ಏರುತ್ತದೆಂದು ಉಳ್ಳವರು ಗೊಣಗಿದರು. ಊರಿಗೆ ಜಲಾಶಯ ಬಂದದ್ದು 1858ರಲ್ಲಿ. ಸ್ಮಶಾನದಲ್ಲಿ ಮರ ನೆಡಲು 1864 ಆಯಿತು, ಅಷ್ಟರಲ್ಲಿ ಪಾದ್ರಿಯೂ ಇರಲಿಲ್ಲ.