ಸಿಎ-125 ನಾರ್ಮಲ್ ಬಂತು, ಹಾಗಾದ್ರೆ ಕ್ಯಾನ್ಸರ್ ಪೂರ್ತಿ ಹೋಯ್ತಾ?

ಅಂಡಾಶಯದ ಕ್ಯಾನ್ಸರ್‌ಗೆ ಕೀಮೋ ಮುಗಿಸಿ ಬರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಸಿಎ-125 ರಕ್ತಪರೀಕ್ಷೆಯ ರಿಪೋರ್ಟ್ ಮುಂದೆ ಹಿಡಿಯುತ್ತಾರೆ. "ಡಾಕ್ಟ್ರೇ, ಹನ್ನೆರಡಕ್ಕೆ ಇಳಿದಿದೆ, ಇನ್ನು ಒಳಗೆ ಏನೂ ಉಳಿದಿಲ್ಲ ಅಲ್ವಾ?"

ಇಳಿದದ್ದು ಒಳ್ಳೆಯ ಸುದ್ದಿಯೇ. ಆದರೆ ಏನೂ ಉಳಿದಿಲ್ಲ ಅಂತ ಹೇಳುವಷ್ಟು ಶಕ್ತಿ ಈ ಪರೀಕ್ಷೆಗಿಲ್ಲ. ಸಿಎ-125 ಅನ್ನೋದು ಗಡ್ಡೆಯ ಕೋಶಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನ್, 35 ಯೂನಿಟ್ ಒಳಗಿದ್ದರೆ ನಾರ್ಮಲ್ ಅಂತ ಲೆಕ್ಕ. ಹೊಟ್ಟೆಯ ಒಳಪದರಕ್ಕೆ ಸಾಸಿವೆ ಕಾಳಿನಷ್ಟು ಗಂಟುಗಳು ಅಂಟಿಕೊಂಡು ಉಳಿದಿದ್ದರೆ ಅವು ಬಿಡುವುದು ಎಷ್ಟು ಕಡಿಮೆ ಅಂದರೆ ನಂಬರ್ ಏರುವುದೇ ಇಲ್ಲ, ಸ್ಕ್ಯಾನ್‌ನಲ್ಲೂ ಕಾಣದೆ ಹೋಗಬಹುದು. ಹಿಂದೆ ಚಿಕಿತ್ಸೆ ಮುಗಿದ ಮೇಲೆ ಮತ್ತೊಮ್ಮೆ ಹೊಟ್ಟೆ ತೆರೆದು ನೋಡುವ 'ಸೆಕೆಂಡ್ ಲುಕ್' ಸರ್ಜರಿ ಮಾಡುತ್ತಿದ್ದರು. ನಾರ್ಮಲ್ ರಿಪೋರ್ಟ್ ಇದ್ದವರಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರೋಗ ಉಳಿದಿದ್ದು ಗೊತ್ತಾಗಿದ್ದು ಆಗಲೇ. 35 ದಾಟಿದ್ದವರಲ್ಲಂತೂ ಬಹುತೇಕ ಎಲ್ಲರಲ್ಲೂ ಸಿಕ್ಕಿತು.

ಇನ್ನೊಂದು ಮಾತು, ಸುಮಾರು ಐವರಲ್ಲಿ ಒಬ್ಬರ ಗಡ್ಡೆ ಈ ಪ್ರೋಟೀನನ್ನು ಜಾಸ್ತಿ ಬಿಡುವುದೇ ಇಲ್ಲ. ಮೊದಲಿಂದಲೂ 20 ಇದ್ದವರಿಗೆ ಈಗ 18 ಬಂದರೆ ಅದರಿಂದ ಏನು ತಿಳಿಯುತ್ತೆ? ಅಂಥವರಿಗೆ ಎಚ್‌ಇ4 ಅನ್ನೋ ಇನ್ನೊಂದು ಪ್ರೋಟೀನಿನ ರಕ್ತಪರೀಕ್ಷೆ ಕೆಲವೊಮ್ಮೆ ಉಪಯೋಗಕ್ಕೆ ಬರುತ್ತೆ.

ಹಾಗಾಗಿ ನಾನು ಒಂದು ರಿಪೋರ್ಟ್ ನೋಡಿ ಏನೂ ಹೇಳಲ್ಲ, ಹಳೆಯವನ್ನೆಲ್ಲ ಸಾಲಾಗಿ ಇಟ್ಟು ನೋಡುತ್ತೇನೆ. 8, 14, 27 ಅಂತ ಹೋಗುತ್ತಿದ್ದರೆ ಮೂರೂ ನಾರ್ಮಲ್ಲೇ, ಆದರೂ ನನಗೆ ಸಮಾಧಾನ ಇರಲ್ಲ. ಆಪರೇಷನ್ ಆದ ಹೊಸತರಲ್ಲಿ, ಹೊಟ್ಟೆಯಲ್ಲಿ ಸೋಂಕಿದ್ದಾಗ, ಹೃದಯ ಅಥವಾ ಲಿವರ್ ಸೋತಾಗಲೂ ಇದು ಏರುತ್ತೆ, ಲ್ಯಾಬ್ ಬದಲಾದರೂ ವ್ಯತ್ಯಾಸ ಬರುತ್ತೆ, ಹಾಗಾಗಿ ಏರಿದ್ದನ್ನು ಒಂದೆರಡು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ.

ಮತ್ತೆ ಏರಿದ್ದು ಖಚಿತವಾದರೆ ತಕ್ಷಣ ಕೀಮೋನಾ? 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ನಂಬರ್ ಏರಿದ ಕೂಡಲೇ ಕೀಮೋ ಶುರು ಮಾಡಿದವರು, ತೊಂದರೆ ಕಾಣಿಸುವ ತನಕ ಕಾದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ, ಔಷಧದ ಕಷ್ಟವನ್ನು ಮಾತ್ರ ಮೊದಲೇ ಅನುಭವಿಸಿದರು. ಈಗ ಮತ್ತೊಮ್ಮೆ ಆಪರೇಷನ್ ಮಾಡಬಹುದಾದ ಕೆಲವರಿಗೆ ಬೇಗ ತಿಳಿಯುವುದು ಒಳ್ಳೆಯದೇ, ಅದಕ್ಕೇ ಎಲ್ಲರಿಗೂ ಒಂದೇ ಉತ್ತರ ಇಲ್ಲ.

"ಆ ನಂಬರ್ ನೋಡಿದರೆ ವಾರವಿಡೀ ನಿದ್ದೆ ಬರಲ್ಲ, ನನಗೆ ಬೇಡ" ಅನ್ನುವವರೂ ಇದ್ದಾರೆ. ಸಾಧಕ ಬಾಧಕ ಮಾತಾಡಿ ನಾನು ಒಪ್ಪಿಕೊಳ್ಳುತ್ತೇನೆ. ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗಾಗುವುದು, ಹೊಸ ನೋವು ಶುರುವಾದರೆ ಮಾತ್ರ ಮುಂದಿನ ತಾರೀಕಿಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ ಅಂತ ಹೇಳಿ ಕಳಿಸುತ್ತೇನೆ.