ಕಾನೂನು ತಪ್ಪು ಮಾಡಿದವರ ಕಡೆಗೇ ಇದೆಯಾ? ನನ್ನ ಓದಿನ ಟಿಪ್ಪಣಿ

ಅಪರಾಧ ಕಾನೂನಿನ ಪಾಠ ಶುರುವಾದಾಗಿನಿಂದ ನಮ್ಮ ಓದಿನ ಗುಂಪಿನಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ‘ಕೊಂದವನಿಗೆ ವಕೀಲರಿದ್ದಾರೆ, ಜಾಮೀನಿದೆ, ಮೇಲ್ಮನವಿ ಇದೆ. ಸತ್ತವರ ಮನೆಯವರಿಗೆ ಏನಿದೆ?’ ಇದನ್ನು ಮೊದಲು ಕೇಳಿದ ಗೆಳತಿ ಸುಮ್ನೆ ವಾದಕ್ಕೆ ಕೇಳಿದ್ದಲ್ಲ. ಅವಳ ಮನೆಯವರು ವರ್ಷಗಟ್ಟಲೆ ಕೋರ್ಟಿಗೆ ಅಲೆದಿದ್ದಾರೆ. ಕೊನೆಗೆ ಆರೋಪಿ ಖುಲಾಸೆಯಾದ. ನಾನು ಪಾಠದಲ್ಲಿ ಕೇಳಿದ್ದ ಮಾತನ್ನೇ ಹೇಳಿದೆ: ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆ ಆಗಬಾರದು. ಅವಳು ಏನೂ ಹೇಳಲಿಲ್ಲ. ಪುಸ್ತಕ ಮುಚ್ಚಿಟ್ಟಳು. ನನಗೆ ಬಹಳ ಬೇಜಾರಾಯಿತು. ಅವಳ ಪ್ರಶ್ನೆಗೆ ನಾನು ಕೊಟ್ಟಿದ್ದು ಉತ್ತರವೇ ಆಗಿರಲಿಲ್ಲ. ಆಮೇಲೆ ಕೂತು ಓದಿ ಈ ಟಿಪ್ಪಣಿ ಮಾಡಿಕೊಂಡೆ.

ನನಗೆ ಅರ್ಥವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಿಟ್ಟು ನ್ಯಾಯವಾದದ್ದೇ. ಆದರೆ ಬಹಳ ಸಲ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗುತ್ತದೆ. ನಾವು ಆರೋಪಿಯ ಹಕ್ಕುಗಳನ್ನು ಬೈಯುತ್ತೇವೆ. ಆದರೆ ತಪ್ಪು ಮಾಡಿದವರನ್ನು ಜಾಸ್ತಿ ಕಾಪಾಡುವುದು ತಡ, ಹಣ ಮತ್ತು ಕೆಟ್ಟ ತನಿಖೆ. ಇವನ್ನು ಬಿಡಿಸಿ ನೋಡದಿದ್ದರೆ ಪರೀಕ್ಷೆಯಲ್ಲೂ ಗೊಂದಲ, ಬದುಕಿನಲ್ಲೂ ಗೊಂದಲ.

ಹೊಣೆ ಯಾರದು?

ಆರೋಪಿ ಅಂದರೆ ಆರೋಪ ಹೊತ್ತವನು. ಅಪರಾಧಿ ಅಂದರೆ ಆರೋಪ ಸಾಬೀತಾದವನು. ಮಾತಿನಲ್ಲಿ ನಾವು ಎರಡನ್ನೂ ಒಂದೇ ಮಾಡಿಬಿಡುತ್ತೇವೆ. ‘ಅಪರಾಧಿಗೆ ಯಾಕೆ ವಕೀಲ?’ ಎಂದು ಕೇಳುವಾಗ ಅವನು ಅಪರಾಧಿ ಎಂದು ಆಗಲೇ ತೀರ್ಮಾನ ಮಾಡಿರುತ್ತೇವೆ, ಅಲ್ವಾ? ಆ ತೀರ್ಮಾನ ಸರಿಯೋ ತಪ್ಪೋ ಎಂದು ನೋಡುವುದಕ್ಕೇ ವಿಚಾರಣೆ ಇರುವುದು.

ಇಲ್ಲಿ ಎಲ್ಲರೂ ಓದುವ ಪ್ರಕರಣ ಇಂಗ್ಲೆಂಡಿನ ಯುವಕ ವೂಲ್ಮಿಂಗ್ಟನ್‌ನದು. 21 ವರ್ಷದ ಹುಡುಗ. ಹೆಂಡತಿ ಅವನನ್ನು ಬಿಟ್ಟು ತಾಯಿಯ ಮನೆಗೆ ಹೋಗಿದ್ದಳು. ಅವನು ಬಂದೂಕು ತೆಗೆದುಕೊಂಡು ಅಲ್ಲಿಗೆ ಹೋದ. ಗುಂಡು ಹಾರಿ ಅವಳು ಸತ್ತಳು. ‘ನೀನು ಬಾರದಿದ್ದರೆ ನಾನೇ ಸಾಯುತ್ತೇನೆ ಎಂದು ಹೆದರಿಸಲು ಹೋಗಿದ್ದೆ, ಗುಂಡು ತಾನಾಗಿ ಹಾರಿತು’ ಎಂಬುದು ಅವನ ಹೇಳಿಕೆ. ಅವನಿಂದ ಸಾವಾಗಿದೆ ಎಂದು ಗೊತ್ತಾದ ಮೇಲೆ ಅದು ಆಕಸ್ಮಿಕ ಎಂದು ತೋರಿಸುವುದು ಅವನದೇ ಕೆಲಸ ಎಂದು ನ್ಯಾಯಾಧೀಶರು ಜ್ಯೂರಿಗೆ, ಅಂದರೆ ತೀರ್ಮಾನ ಹೇಳಲು ಆರಿಸಿದ ಸಾಮಾನ್ಯ ಜನರ ತಂಡಕ್ಕೆ, ಹೇಳಿದರು. ಅವನಿಗೆ ಮರಣದಂಡನೆ ವಿಧಿಸಿದರು. 1935ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ಶಿಕ್ಷೆಯನ್ನು ರದ್ದು ಮಾಡಿತು. ಆರೋಪ ಸಾಬೀತು ಮಾಡುವ ಹೊಣೆ ಸರ್ಕಾರದ ಪರ ವಾದಿಸುವ ಪ್ರಾಸಿಕ್ಯೂಷನ್‌ನದು, ಇದು ಅಪರಾಧ ಕಾನೂನಿನ ಉದ್ದಕ್ಕೂ ಹಾದುಹೋಗಿರುವ ಬಂಗಾರದ ಎಳೆ ಎಂದು ನ್ಯಾಯಾಧೀಶ ಲಾರ್ಡ್ ಸ್ಯಾಂಕಿ ಹೇಳಿದ್ದು ಇದೇ ತೀರ್ಪಿನಲ್ಲಿ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 11ನೇ ವಿಧಿಯಲ್ಲೂ ಇದೇ ತತ್ವ ಇದೆ.

ಈ ನಿಯಮ ಯಾಕೆ ಬೇಕು ಅನ್ನುವುದಕ್ಕೆ ಒಂದು ಸಣ್ಣ ಪ್ರಯೋಗ ಮಾಡಿ. ಮೂರು ವರ್ಷದ ಹಿಂದೆ ಒಂದು ಮಂಗಳವಾರ ಸಂಜೆ ನೀವು ಎಲ್ಲಿದ್ದಿರಿ ಎಂದು ಸಾಬೀತು ಮಾಡಲು ನೋಡಿ. ನನ್ನಿಂದ ಆಗಲಿಲ್ಲ. ಮಾಡಿದ್ದಕ್ಕೆ ಗುರುತು ಉಳಿಯುತ್ತದೆ. ಮಾಡದೇ ಇದ್ದದ್ದಕ್ಕೆ ಗುರುತು ಎಲ್ಲಿಂದ ತರುವುದು? ಸರ್ಕಾರದ ಕಡೆ ಪೊಲೀಸರು, ಪ್ರಯೋಗಾಲಯ, ವಕೀಲರು, ಜೈಲು ಎಲ್ಲ ಇವೆ. ಎದುರಿಗೆ ಒಬ್ಬ ಮನುಷ್ಯ. ಭಾರ ಯಾರ ಮೇಲಿರಬೇಕು ಎಂದು ಇದರಿಂದಲೇ ತಿಳಿಯುತ್ತದೆ.

ಹತ್ತೋ, ನೂರೋ

ನಾನು ಗೆಳತಿಗೆ ಹೇಳಿದ ಆ ಮಾತಿಗೆ ಬಹಳ ಹಳೆಯ ಬೇರಿದೆ. ರೋಮ್‌ನ ಚಕ್ರವರ್ತಿ ಟ್ರಾಜನ್ ಕ್ರಿ.ಶ. 98ರಿಂದ 117ರವರೆಗೆ ಆಳಿದವನು. ನಿರಪರಾಧಿಯನ್ನು ದಂಡಿಸುವುದಕ್ಕಿಂತ ಅಪರಾಧಿಯ ತಪ್ಪು ಶಿಕ್ಷೆಯಿಲ್ಲದೆ ಉಳಿಯುವುದೇ ಮೇಲು ಎಂದು ಅವನು ಬರೆದ ಆದೇಶ ರೋಮನ್ ಕಾನೂನಿನ ಸಂಗ್ರಹದಲ್ಲಿ ಉಳಿದಿದೆ. ಅಲ್ಲಿ ಲೆಕ್ಕ ಇರಲಿಲ್ಲ. 1760ರ ದಶಕದಲ್ಲಿ ಇಂಗ್ಲೆಂಡಿನ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ ಹತ್ತಕ್ಕೆ ಒಂದು ಎಂದ. 1785ರ ಒಂದು ಪತ್ರದಲ್ಲಿ ಅಮೆರಿಕದ ನಾಯಕ ಬೆಂಜಮಿನ್ ಫ್ರಾಂಕ್ಲಿನ್ ನೂರಕ್ಕೆ ಒಂದು ಎಂದ.

ಹಾಗಾದರೆ ನಿಜವಾಗಿ ಎಷ್ಟು? ಇದು ಲೆಕ್ಕದ ಪ್ರಶ್ನೆ ಅಲ್ಲ. ಎರಡು ಬಗೆಯ ತಪ್ಪುಗಳಲ್ಲಿ ಯಾವುದು ಜಾಸ್ತಿ ಭಯಂಕರ ಎಂಬ ಆಯ್ಕೆ. ಒಂದು ವಿಷಯ ಮಾತ್ರ ಬಹಳ ಜನ ಮರೆಯುತ್ತಾರೆ. ನಿರಪರಾಧಿಗೆ ಶಿಕ್ಷೆ ಆದರೆ ಒಂದಲ್ಲ, ಎರಡು ಅನ್ಯಾಯ ಆಗುತ್ತವೆ. ಒಬ್ಬ ಸುಮ್ನೆ ಜೈಲು ಸೇರುತ್ತಾನೆ. ನಿಜವಾಗಿ ಮಾಡಿದವನು ಹೊರಗೇ ಉಳಿಯುತ್ತಾನೆ, ಅವನನ್ನು ಇನ್ನು ಯಾರೂ ಹುಡುಕುವುದೂ ಇಲ್ಲ. ಅಂದರೆ ಈ ನಿಯಮ ಸಂತ್ರಸ್ತರಿಗೂ ಬೇಕು.

ಇದನ್ನು ನನಗೆ ಮನದಟ್ಟು ಮಾಡಿದ್ದು ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಘಟನೆ. 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು, ಇಬ್ಬರೂ 15 ವರ್ಷದ ಹುಡುಗಿಯರು, ಅತ್ಯಾಚಾರಕ್ಕೊಳಗಾಗಿ ಕೊಲೆಯಾದರು. ಪೊಲೀಸರು 17 ವರ್ಷದ ಒಬ್ಬ ಹುಡುಗನನ್ನು ಹಿಡಿದರು. ಎರಡನೇ ಕೊಲೆ ಮಾಡಿದ್ದು ನಾನೇ ಎಂದು ಅವನು ಒಪ್ಪಿಕೊಂಡ. ಮೊದಲನೆಯದನ್ನು ಒಪ್ಪಲಿಲ್ಲ. ಅದನ್ನೂ ಅವನ ಮೇಲೆ ಹೊರಿಸಬಹುದೇ ಎಂದು ನೋಡಲು ಪೊಲೀಸರು ವಿಜ್ಞಾನಿ ಅಲೆಕ್ ಜೆಫ್ರೀಸ್ ಅವರ ಸಹಾಯ ಕೇಳಿದರು. ಡಿಎನ್‌ಎ ಗುರುತಿನ ವಿಧಾನ ಆಗಷ್ಟೇ ಹುಟ್ಟಿತ್ತು. ಫಲಿತಾಂಶ ಬಂದಾಗ ಎಲ್ಲರಿಗೂ ಆಶ್ಚರ್ಯ. ಎರಡೂ ಕೊಲೆ ಮಾಡಿದವನು ಒಬ್ಬನೇ, ಮತ್ತು ಅವನು ಈ ಹುಡುಗ ಅಲ್ಲ. ಆಮೇಲೆ ಸುತ್ತಲಿನ ಸುಮಾರು 5,000 ಗಂಡಸರ ರಕ್ತದ ಮಾದರಿ ಸಂಗ್ರಹಿಸಿದರು. ಕಾಲಿನ್ ಪಿಚ್‌ಫೋರ್ಕ್ ಎಂಬವನು ತನ್ನ ಬದಲು ಬೇರೆಯವನಿಂದ ರಕ್ತ ಕೊಡಿಸಿದ್ದ. ಆ ವಿಷಯ ಹೊರಬಿದ್ದು 1987ರಲ್ಲಿ ಸಿಕ್ಕಿಬಿದ್ದ. 1988ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಆಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಡಿಎನ್‌ಎ ಪರೀಕ್ಷೆ ಇಲ್ಲದಿದ್ದರೆ ಜನ ಏನು ಹೇಳುತ್ತಿದ್ದರು? ‘ತಾನೇ ಒಪ್ಪಿಕೊಂಡಿದ್ದಾನೆ, ಇನ್ನು ಇವನಿಗೆ ವಕೀಲ ಯಾಕೆ, ವಿಚಾರಣೆ ಯಾಕೆ?’ ನಾನೂ ಅದನ್ನೇ ಹೇಳುತ್ತಿದ್ದೆ. ಪಿಚ್‌ಫೋರ್ಕ್ ಹೊರಗೇ ಇರುತ್ತಿದ್ದ.

‘ತಾಂತ್ರಿಕ ಕಾರಣಕ್ಕೆ ಬಿಟ್ಟುಬಿಟ್ಟರು’

ಈ ಮಾತು ಕೇಳಿದರೆ ಎಲ್ಲರಿಗೂ ಮೈ ಉರಿಯುತ್ತದೆ. ಸಾಕ್ಷ್ಯ ಇತ್ತು, ಆದರೆ ಪಡೆದ ರೀತಿ ಸರಿ ಇಲ್ಲ ಎಂದು ಕೋರ್ಟು ಅದನ್ನು ಹೊರಗಿಟ್ಟಿತು. ಇದಕ್ಕೆ ಜನ ಕೊಡುವ ದೊಡ್ಡ ಉದಾಹರಣೆ ಅಮೆರಿಕದ ಮಿರಾಂಡಾ ಪ್ರಕರಣ, 1966. ಸುಮ್ಮನಿರುವ ಹಕ್ಕು, ವಕೀಲರನ್ನು ಪಡೆಯುವ ಹಕ್ಕು ಇದೆ ಎಂದು ಪೊಲೀಸರು ತಿಳಿಸದೆ ಪಡೆದ ತಪ್ಪೊಪ್ಪಿಗೆ ನಡೆಯುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆರೋಪಿ ಮಿರಾಂಡಾ ಅದರಿಂದ ಪಾರಾದ ಎಂದೇ ನಾನೂ ಅಂದುಕೊಂಡಿದ್ದೆ. ಹಾಗಾಗಲಿಲ್ಲ. 1967ರಲ್ಲಿ ಆ ತಪ್ಪೊಪ್ಪಿಗೆ ಬಿಟ್ಟು, ಬೇರೆ ಸಾಕ್ಷ್ಯದ ಮೇಲೆ ಮತ್ತೆ ವಿಚಾರಣೆ ನಡೆದು ಅವನು ಮತ್ತೆ ಅಪರಾಧಿ ಎಂದೇ ತೀರ್ಮಾನವಾಯಿತು. ಪರೀಕ್ಷೆಯ ಉತ್ತರದಲ್ಲಿ ಈ ಕೊನೆಯ ಭಾಗ ಬರೆಯುವುದನ್ನು ಮರೆಯಬೇಡಿ.

‘ತಾಂತ್ರಿಕ’ ಎಂದು ನಾವು ಕರೆಯುವ ನಿಯಮಗಳಲ್ಲಿ ಹೆಚ್ಚಿನವು ಪೊಲೀಸರಿಗೆ ಮೊದಲೇ ಗೊತ್ತಿರುತ್ತವೆ. ಅವನ್ನು ಪಾಲಿಸಿದ್ದರೆ ಸಾಕ್ಷ್ಯ ಉಳಿಯುತ್ತಿತ್ತು. ಹಾಗಾಗಿ ಇಂಥ ಖುಲಾಸೆ ಕಂಡಾಗ ಮೊದಲ ಪ್ರಶ್ನೆ ತನಿಖೆ ಮಾಡಿದವರಿಗೆ ಹೋಗಬೇಕು.

ಖುಲಾಸೆ ಅಂದರೆ ಕೋರ್ಟು ‘ಇವನು ಮಾಡಿಲ್ಲ’ ಎಂದು ಹೇಳಿದ್ದು ಅಂತಲೂ ಅಲ್ಲ. ಬಹಳ ಸಲ ಅದರ ಅರ್ಥ ‘ಸಂಶಯ ಉಳಿಯದಷ್ಟು ಸಾಬೀತಾಗಿಲ್ಲ’ ಎಂದು. ಅಮೆರಿಕದ ಹೆಸರಾಂತ ಫುಟ್ಬಾಲ್ ಆಟಗಾರ ಒ.ಜೆ. ಸಿಂಪ್ಸನ್ ಅವರನ್ನು 1995ರಲ್ಲಿ ಜ್ಯೂರಿ ಜೋಡಿ ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. 1997ರಲ್ಲಿ, ಪರಿಹಾರ ಕೇಳಿ ಹೂಡಿದ ಸಿವಿಲ್ ದಾವೆಯಲ್ಲಿ ಬೇರೆ ಜ್ಯೂರಿ ಅದೇ ಸಾವುಗಳಿಗೆ ಅವರೇ ಹೊಣೆ ಎಂದಿತು. ಸಿವಿಲ್‌ನಲ್ಲಿ ಯಾವ ಕಡೆ ತೂಕ ಹೆಚ್ಚು ಎಂದು ನೋಡಿದರೆ ಸಾಕು. ಜೈಲಿಗೆ ಕಳಿಸಲು ಅಷ್ಟು ಸಾಲದು.

ತಡ: ಸಿಟ್ಟು ಬರಬೇಕಾದ ಜಾಗ

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದು. ಸಾಬೀತು ಮಾಡುವ ಹೊಣೆ ಒಂದೇ ಕಡೆ ಇದೆ. ಹಾಗಾದರೆ ಸಾಕ್ಷ್ಯ ಕರಗಿದಷ್ಟೂ ಲಾಭ ಯಾರಿಗೆ? ಇನ್ನೊಂದು ಕಡೆಗೆ. ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಸಾಕ್ಷಿಗೆ ಬಣ್ಣ ಮರೆಯುತ್ತದೆ, ಹೊತ್ತು ಮರೆಯುತ್ತದೆ. ಪಾಟಿ ಸವಾಲಿನಲ್ಲಿ ‘ಆಗ ಹಾಗೆ ಹೇಳಿದ್ದಿರಿ, ಈಗ ಹೀಗೆ ಹೇಳುತ್ತೀರಿ’ ಎಂದು ಹಿಡಿಯುತ್ತಾರೆ. ಒಬ್ಬ ಸಾಕ್ಷಿ ಊರು ಬಿಡುತ್ತಾನೆ. ಒಬ್ಬನಿಗೆ ಬೆದರಿಕೆ ಬರುತ್ತದೆ, ಅವನು ಉಲ್ಟಾ ಹೊಡೆಯುತ್ತಾನೆ. ದೂರು ಕೊಟ್ಟವರು ಕೆಲಸ ಬಿಟ್ಟು ಬಂದು ಬಂದು ದಣಿಯುತ್ತಾರೆ. ಸಂಶಯದ ಲಾಭ ಆರೋಪಿಗೆ ಸಿಗಬೇಕು ಎಂಬ ನಿಯಮ ಒಳ್ಳೆಯದೇ. ಆ ಸಂಶಯವನ್ನು ತಡವೇ ತಯಾರು ಮಾಡಿಕೊಡುವುದು ಅನ್ಯಾಯ. ಈ ಎರಡನ್ನು ಬೇರೆ ಮಾಡಿ ನೋಡಿದ ದಿನ ನನಗೆ ಗೆಳತಿಯ ನೋವು ನಿಜವಾಗಿ ಅರ್ಥವಾಯಿತು.

ಇದೇನೂ ಹೊಸ ದೂರಲ್ಲ. ಇಂಗ್ಲೆಂಡಿನ ದೊರೆ ಒಪ್ಪಿಕೊಂಡ ಹಕ್ಕುಪತ್ರವಾದ 1215ರ ಮ್ಯಾಗ್ನಾ ಕಾರ್ಟಾದ 40ನೇ ಮಾತು, ನ್ಯಾಯವನ್ನು ಯಾರಿಗೂ ಮಾರುವುದಿಲ್ಲ, ನಿರಾಕರಿಸುವುದಿಲ್ಲ, ತಡ ಮಾಡುವುದಿಲ್ಲ ಎಂದು. ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. 1764ರಲ್ಲಿ ಇಟಲಿಯ ಚಿಂತಕ ಬೆಕಾರಿಯಾ ಇನ್ನೂ ಮುಂದೆ ಹೋದ. ಅಪರಾಧ ತಡೆಯುವುದು ಶಿಕ್ಷೆಯ ಕ್ರೌರ್ಯ ಅಲ್ಲ, ಶಿಕ್ಷೆ ಖಂಡಿತ ಆಗುತ್ತದೆ, ಬೇಗ ಆಗುತ್ತದೆ ಎಂಬ ನಂಬಿಕೆ ಎಂದ. ‘ಶಿಕ್ಷೆ ಜಾಸ್ತಿ ಮಾಡಿ’ ಎಂದು ಕೂಗುವಾಗ ನಾವು ಇದನ್ನು ಮರೆಯುತ್ತೇವೆ. ಹತ್ತು ವರ್ಷದ ಶಿಕ್ಷೆಯನ್ನು ಇಪ್ಪತ್ತು ಮಾಡಿದರೂ, ಆ ಪ್ರಕರಣ ಮುಗಿಯದೇ ಇದ್ದರೆ ಏನು ಬಂತು?

ಇದೇ ತಡದ ಇನ್ನೊಂದು ಮುಖವನ್ನೂ ಓದಲೇಬೇಕು. ಜಾಮೀನಿಗೆ ಹಣ ಇಲ್ಲದವನು ಒಳಗೇ ಕೊಳೆಯುತ್ತಾನೆ. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಸ್ಥಿತಿ ಭಾರತದ ಸುಪ್ರೀಂ ಕೋರ್ಟ್ ಮುಂದೆ ಬಂತು. ಆರೋಪ ಸಾಬೀತಾಗಿದ್ದರೂ ಎಷ್ಟು ವರ್ಷ ಶಿಕ್ಷೆ ಆಗಬಹುದಿತ್ತೋ ಅದಕ್ಕಿಂತ ಹೆಚ್ಚು ಕಾಲ ಕೆಲವರು ವಿಚಾರಣೆಯೇ ಇಲ್ಲದೆ ಜೈಲಿನಲ್ಲಿದ್ದರು. ಬೇಗ ವಿಚಾರಣೆ ನಡೆಯುವುದು ಬದುಕುವ ಹಕ್ಕಿನ ಭಾಗ ಎಂದು ಕೋರ್ಟು ಹೇಳಿತು. ಈಗ ಎರಡನ್ನೂ ಪಕ್ಕದಲ್ಲಿ ಇಡಿ. ಹಣವಿದ್ದು ಜಾಮೀನಿನ ಮೇಲೆ ಹೊರಗಿರುವ ತಪ್ಪಿತಸ್ಥನಿಗೆ ತಡ ಅನುಕೂಲ. ಹಣವಿಲ್ಲದೆ ಒಳಗಿರುವ ನಿರಪರಾಧಿಗೆ ಅದೇ ಶಿಕ್ಷೆ. ವ್ಯವಸ್ಥೆ ತಪ್ಪಿತಸ್ಥರ ಕಡೆ ಇದೆ ಎಂದು ಕಾಣುವಾಗ, ಅದು ಕಾಯುವ ಶಕ್ತಿ ಇದ್ದವರ ಕಡೆ ವಾಲಿರುವುದೇ ಜಾಸ್ತಿ.

ಸಂತ್ರಸ್ತರು ಎಲ್ಲಿ ಕೂರಬೇಕು?

ಕ್ರಿಮಿನಲ್ ಪ್ರಕರಣ ನಡೆಯುವುದು ಸಾಮಾನ್ಯವಾಗಿ ಸರ್ಕಾರ ಮತ್ತು ಆರೋಪಿಯ ನಡುವೆ. ನೋವು ತಿಂದವರು ಬರೀ ಸಾಕ್ಷಿ. ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1977ರಲ್ಲಿ ಇದನ್ನು ಬಹಳ ಕಟುವಾಗಿ ಹೇಳಿದರು: ಜನರ ಜಗಳವನ್ನು ಸರ್ಕಾರ ಮತ್ತು ವಕೀಲರು ಅವರಿಂದ ಕದ್ದುಕೊಂಡಿದ್ದಾರೆ. 1985ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಸಂತ್ರಸ್ತರ ಬಗ್ಗೆ ಒಂದು ಘೋಷಣೆ ಒಪ್ಪಿತು. ಅವರನ್ನು ಗೌರವದಿಂದ ನಡೆಸಿಕೊಳ್ಳಬೇಕು, ಪ್ರಕರಣ ಎಲ್ಲಿಗೆ ಬಂತೆಂದು ತಿಳಿಸಬೇಕು, ಅವರ ಮಾತು ಕೇಳಬೇಕು, ಪರಿಹಾರ ಸಿಗಬೇಕು ಎಂದು ಅದರಲ್ಲಿದೆ. ಇದಕ್ಕಾಗಿ ಆರೋಪಿಯ ಒಂದು ಹಕ್ಕನ್ನೂ ಕಿತ್ತುಕೊಳ್ಳಬೇಕಾಗಿಲ್ಲ ಎಂಬುದನ್ನು ಗಮನಿಸಿ.

ಸಂತ್ರಸ್ತರ ಕುಟುಂಬ ಸುಮ್ಮನಾಗದೆ ಇದ್ದರೆ ಕಾನೂನೇ ಬದಲಾಗಬಹುದು ಎಂಬುದಕ್ಕೆ ಸ್ಟೀಫನ್ ಲಾರೆನ್ಸ್ ಪ್ರಕರಣ ಸಾಕ್ಷಿ. 1993ರಲ್ಲಿ ಲಂಡನ್‌ನಲ್ಲಿ ಆ ಕಪ್ಪು ಹುಡುಗನನ್ನು ಬಿಳಿಯರ ಗುಂಪು ಕೊಂದಿತು. ಮನೆಯವರೇ ಹೂಡಿದ ಖಾಸಗಿ ಮೊಕದ್ದಮೆ 1996ರಲ್ಲಿ ಬಿದ್ದುಹೋಯಿತು. ಪೊಲೀಸರ ವರ್ಣಭೇದವನ್ನು ಸರ್ಕಾರ ನೇಮಿಸಿದ ವಿಚಾರಣಾ ಸಮಿತಿಯ 1999ರ ಮ್ಯಾಕ್‌ಫರ್ಸನ್ ವರದಿ ಬಯಲಿಗೆ ತಂದಿತು. ಒಮ್ಮೆ ಖುಲಾಸೆಯಾದವರನ್ನು ಮತ್ತೆ ವಿಚಾರಣೆ ಮಾಡುವಂತಿಲ್ಲ ಎಂಬ ಹಳೆಯ ನಿಯಮವನ್ನು ಗಂಭೀರ ಅಪರಾಧಗಳಿಗೆ, ಹೊಸ ಬಲವಾದ ಸಾಕ್ಷ್ಯ ಸಿಕ್ಕರೆ ಮಾತ್ರ, 2003ರ ಕಾಯ್ದೆ ಸಡಿಲಿಸಿತು. 2012ರ ಜನವರಿಯಲ್ಲಿ ಇಬ್ಬರಿಗೆ ಶಿಕ್ಷೆ ಆಯಿತು. ಅವರಲ್ಲಿ ಒಬ್ಬ 1996ರಲ್ಲಿ ಖುಲಾಸೆಯಾಗಿದ್ದವನು. 19 ವರ್ಷ ಹತ್ತಿರ ಹತ್ತಿರ. ಆ ತಾಯಿ ತಂದೆ ಅಷ್ಟು ವರ್ಷ ಹೇಗೆ ಕಾದರೋ ಎಂದು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಈ ಟಿಪ್ಪಣಿಯನ್ನು ಮೊದಲು ಓದಿದ್ದು ಆ ಗೆಳತಿಯೇ. ಮಿರಾಂಡಾ ಭಾಗದ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದಳು. ‘ನಮ್ಮ ಪ್ರಕರಣದಲ್ಲಿ ಎರಡು ಸಾಕ್ಷಿಗಳನ್ನು ಕರೆಸಲೇ ಇಲ್ಲ. ಯಾಕೆ ಅಂತ ನಾವು ಕೇಳಲೂ ಇಲ್ಲ’ ಎಂದಳು. ತೀರ್ಪಿನ ಪ್ರತಿ ಮನೆಯಲ್ಲೇ ಇದೆಯಂತೆ. ಇಷ್ಟು ದಿನ ಯಾರಿಗೂ ಅದನ್ನು ತೆರೆದು ಓದುವ ಧೈರ್ಯ ಬಂದಿಲ್ಲ. ಮುಂದಿನ ವಾರ ತರುತ್ತೇನೆ, ಜೊತೆಗೆ ಕೂತು ಓದೋಣ ಎಂದಿದ್ದಾಳೆ.